ಹೆಸರಿನ ಮುಂದಿನ ಬಿ.ಕಾಂ.

ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮೊಮ್ಮಗಳು ನಿಧಿ ನನಗೆ ಕಲಿಸಿಕೊಟ್ಟು ಇನ್ನೂ ಮೂರು ವಾರ. ಬಲಗೈಯ ತೋರುಬೆರಳೊಂದೇ ದುಡಿಯುತ್ತದೆ. ಮಿಕ್ಕ ಒಂಬತ್ತು ಬೆರಳು ಮದುವೆಮನೆಗೆ ಬಂದ ಬೀಗರ ಹಾಗೆ ಸುಮ್ಮನೆ ಕೂತು ನೋಡುತ್ತವೆ. ಒಂದು ಕಾಲದಲ್ಲಿ ಇದೇ ಹತ್ತು ಬೆರಳು ತಿರುವಲ್ಲಿಕ್ಕೇಣಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಿಮಿಷಕ್ಕೆ ನಲವತ್ತೈದು ಪದ ಕುಟ್ಟುತ್ತಿದ್ದವು ಎಂದರೆ ಆ ಹುಡುಗಿ ನಂಬುವುದಿಲ್ಲ. ನಂಬುವುದಾದರೂ ಹೇಗೆ? ನಾನು "ಊಟ ಆಯ್ತಾ ಪುಟ್ಟಾ" ಎಂದು ಟೈಪ್ ಮಾಡಿ ಕಳಿಸುವಷ್ಟರಲ್ಲಿ ಅವಳಿಗೆ ಮತ್ತೆ ಹಸಿವಾಗಿರುತ್ತದೆ.

ಮೊನ್ನೆ ಅವಳಿಂದ ಒಂದು ಮೆಸೇಜು ಬಂತು. ಪ್ಲಸ್ ಟೂ ಮುಗಿಸಿ ಕೂತಿದ್ದಾಳೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು, ಅಜ್ಜಿಗಾಗಿ ಎರಡನ್ನೂ ಕಲಸಿದ್ದಳು.

"ಅಜ್ಜಿ, ಬಿಬಿಎ ಸೇರಲಾ? ಅಪ್ಪ ಫೀಸ್ ರೊಂಬ ಜಾಸ್ತಿ ಅಂತಾನೆ. ನೀನು ಬಿ.ಕಾಂ. ದಾನೇ? ಅಷ್ಟು ಖರ್ಚು ಮಾಡಿ ಓದಿದ್ರೆ ಯೂಸಾ, ವೇಸ್ಟಾ? ಒಂದೇ ವರ್ಡಲ್ಲಿ ಸೊಲ್ಲು."

ಒಂದೇ ಪದದಲ್ಲಿ ಹೇಳಬೇಕಂತೆ! ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಕೇಳಿದರೂ ನಾನು ಒಂದು ಪದದಲ್ಲಿ ಹೇಳಿದವಳಲ್ಲ. ಸುಮಾರು ಐವತ್ತು ವರ್ಷದಿಂದ ಈ ಪ್ರಶ್ನೆ ನನ್ನ ತಲೆಯೊಳಗೆ ಬಾಡಿಗೆ ಕೊಡದೆ ಕೂತಿದೆ. ಒಂದು ದಿನ ಲಾಭ ಅನಿಸುತ್ತದೆ, ಮಾರನೆಯ ದಿನ ನಷ್ಟ. ಅವಳಿಗೆ ಇನ್ನೂ ಉತ್ತರ ಕಳಿಸಿಲ್ಲ. ಅದರ ಬದಲು ನಿಮಗೆ ಟೈಪ್ ಮಾಡುತ್ತಾ ಕೂತಿದ್ದೇನೆ. ಓದಿ ನೀವಾದರೂ ಹೇಳಿ.

ಎಪ್ಪತ್ತರ ದಶಕದ ನಡುಭಾಗ. ಮದ್ರಾಸು ಆಗ ಮದ್ರಾಸೇ. ನಾವಿದ್ದದ್ದು ತಿರುವಲ್ಲಿಕ್ಕೇಣಿಯಲ್ಲಿ, ಐದು ಸಂಸಾರಕ್ಕೆ ಒಂದೇ ಬಾವಿ ಇದ್ದ ಉದ್ದನೆಯ ಮನೆಯ ಮೂರನೆಯ ಭಾಗದಲ್ಲಿ. ನಮ್ಮ ತಂದೆಯನ್ನು ನಾವು ಅಣ್ಣ ಎನ್ನುತ್ತಿದ್ದೆವು. ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಅಮ್ಮ, ನಾನು, ಮತ್ತೆ ಅಣ್ಣನ ಅಕ್ಕ ಪದ್ದತ್ತೆ. ಪದ್ದತ್ತೆ ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮದ್ರಾಸಿನಲ್ಲಿ ನಲವತ್ತು ವರ್ಷ ಕಳೆದಿದ್ದರೂ ಅವಳು ತಮಿಳು ಆಡುತ್ತಿರಲಿಲ್ಲ. ಎಲ್ಲರ ತಮಿಳೂ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಕನ್ನಡದಲ್ಲೇ ಕೊಡುತ್ತಿದ್ದಳು. ವಿಚಿತ್ರ ಎಂದರೆ ಎಲ್ಲರಿಗೂ ಅದು ತಿಳಿಯುತ್ತಿತ್ತು. ತರಕಾರಿಯವಳಂತೂ ಅವಳನ್ನು ಕಂಡರೆ ತಾನಾಗಿ ಎರಡು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕುತ್ತಿದ್ದಳು, ಅದಕ್ಕೆ ಭಾಷೆ ಬೇಕಿರಲಿಲ್ಲ.

ನಾನು ಪಿಯುಸಿ ಮುಗಿಸಿದೆ. ಆಗ ಮನೆಯಲ್ಲಿ ಲೆಕ್ಕಾಚಾರ ಶುರುವಾಯಿತು. ಪಿಯುಸಿ ಆದವರೂ ಬ್ಯಾಂಕಿನ ಗುಮಾಸ್ತೆ ಪರೀಕ್ಷೆ ಬರೆಯಬಹುದಿತ್ತು. ಬಿ.ಕಾಂ. ಓದಿ ಹೋದರೂ ಅದೇ ಕುರ್ಚಿ, ಅದೇ ಲೆಡ್ಜರು. ಡಿಗ್ರಿಗೆಂದು ಒಂದೆರಡು ಇನ್ಕ್ರಿಮೆಂಟು ಹೆಚ್ಚಿಗೆ ಸಿಗುತ್ತದಂತೆ, ಅಷ್ಟೆ. ಆ ಒಂದೆರಡು ಇನ್ಕ್ರಿಮೆಂಟಿಗಾಗಿ ಮೂರು ವರ್ಷದ ಫೀಸು, ಪುಸ್ತಕ, ಬಸ್ಸು, ಮೂರು ವರ್ಷ ಬಾರದೇ ಹೋಗುವ ಸಂಬಳ, ಇವನ್ನೆಲ್ಲ ಬಿಡಬೇಕೇ? ಅಣ್ಣ ಆಫೀಸಿನ ರದ್ದಿ ಫಾರಮ್ಮಿನ ಹಿಂಬದಿಯಲ್ಲಿ ನಡುವೆ ಒಂದು ಗೆರೆ ಎಳೆದರು. ಈ ಕಡೆ 'ಓದಿಸಿದರೆ', ಆ ಕಡೆ 'ಓದಿಸದಿದ್ದರೆ'. ಪದ್ದತ್ತೆ ಹೂ ಕಟ್ಟುತ್ತಾ ಕೂತಿದ್ದಳು.

"ಶೀನ, ಒಂದು ಬರೆಯೋದು ಮರ್ತಿದ್ದೀಯ."

"ಏನಕ್ಕಾ?"

"ಗಂಡು."

ಅಣ್ಣ ಪೆನ್ನು ಎತ್ತಿದರು. ಪದ್ದತ್ತೆ ದಾರ ಬಿಗಿಯುತ್ತಾ ವಿವರಿಸಿದಳು. "ಹುಡುಗಿ ಪಿಯುಸಿ ಆದ್ರೆ ಗಂಡು ಬಿ.ಕಾಂ. ಸಾಕು. ಹುಡುಗಿ ಬಿ.ಕಾಂ. ಆದ್ರೆ ಗಂಡು ಅದಕ್ಕಿಂತ ಒಂದು ಮೆಟ್ಲು ಮೇಲಿರಬೇಕಲ್ಲ, ಎಂ.ಕಾಂ.ಓ ಸಿಎನೋ. ಸಿಎ ಹುಡುಗನ ತಾಯಿ ಎಷ್ಟು ಕೇಳ್ತಾಳೆ ಗೊತ್ತಾ? ಅಂದ್ರೆ ಫೀಸು ಒಂದ್ಸಲ ಕಾಲೇಜಿಗೆ ಕಟ್ಟು, ಇನ್ನೊಂದ್ಸಲ ಬೀಗಿತ್ತಿಗೆ ಕಟ್ಟು."

ಅಡುಗೆಮನೆಯಿಂದ ಅಮ್ಮ, "ಹಾಗಾದ್ರೆ ಒಂದನೇ ಕ್ಲಾಸಿಗೇ ಬಿಡಿಸ್ಬೇಕಿತ್ತು. ಗಂಡು ಪುಕ್ಕಟೆ ಸಿಕ್ತಿದ್ದ" ಎಂದರು.

ಅಣ್ಣ ಅದನ್ನೂ ಬರೆದುಕೊಂಡರೇನೋ, ಗೊತ್ತಿಲ್ಲ. ನಾನು ಇಣುಕಿ ನೋಡುವಷ್ಟರಲ್ಲಿ ಕಾಗದದ ಎರಡೂ ಕಡೆ ಒಂದೇ ಎತ್ತರಕ್ಕೆ ತುಂಬಿತ್ತು.

ನಿನಗೇನು ಬೇಕಿತ್ತು ಎಂದು ನೀವು ಕೇಳಬಹುದು. ಆ ದಿನಗಳಲ್ಲಿ ಯಾರೂ ಕೇಳಲಿಲ್ಲ, ಅದೇ ಒಳ್ಳೆಯದಾಯಿತು, ಏಕೆಂದರೆ ನನಗೂ ಗೊತ್ತಿರಲಿಲ್ಲ. ಬೆಳಗ್ಗೆ ಕಾಲೇಜಿನ ಹುಡುಗಿಯರು ಪುಸ್ತಕವನ್ನು ಎದೆಗೆ ಅವಚಿಕೊಂಡು ಬಸ್ಸಿಗೆ ನಿಲ್ಲುವುದನ್ನು ನೋಡಿದರೆ ಬಿ.ಕಾಂ. ಬೇಕೆನಿಸುತ್ತಿತ್ತು. ಸಾಯಂಕಾಲ ಬ್ಯಾಂಕಿನ ಹೆಂಗಸರು ಕೈಚೀಲ ತೂಗಿಸಿಕೊಂಡು ಮಲ್ಲಿಗೆ ಕೊಳ್ಳುವುದನ್ನು ನೋಡಿದರೆ ಸಂಬಳ ಬೇಕೆನಿಸುತ್ತಿತ್ತು. ಮಧ್ಯಾಹ್ನ ನಿದ್ದೆ ಬರುತ್ತಿತ್ತು.

ಕೊನೆಗೆ ತೀರ್ಮಾನ ಮಾಡಿದ್ದು ಒಂದು ಕ್ಯೂ.

ನಮ್ಮ ಅಣ್ಣನಿಗೆ ಕ್ಯೂ ಎಂದರೆ ಒಂದು ವ್ರತ. ಸಕ್ಕರೆಗೆ ಕ್ಯೂ, ಸೀಮೆಎಣ್ಣೆಗೆ ಕ್ಯೂ, ಹಾಲಿಗೆ ಕ್ಯೂ. ಒಂದು ಸಲ ನಿಂತರೆ ಬರಿಗೈಯಲ್ಲಿ ಈಚೆ ಬರಬಾರದು ಎನ್ನುವುದು ಅವರ ನೇಮ. ಸಕ್ಕರೆ ಮುಗಿದು ಹೋಗಿದೆ ಎಂದರೆ ನಮಗೆ ಬೇಡದ ರವೆಯನ್ನಾದರೂ ಹಿಡಿದು ತರುತ್ತಿದ್ದರು. ಫೀಸು ಕಟ್ಟುವ ಕೊನೆಯ ದಿನ ಅವರು ಕಾಲೇಜಿಗೆ ಹೋದದ್ದು ಒಂದು ಪ್ರಶ್ನೆ ಕೇಳಲು: ನಡುವೆ ಬ್ಯಾಂಕ್ ಕೆಲಸ ಸಿಕ್ಕಿದರೆ ಕಟ್ಟಿದ ದುಡ್ಡು ವಾಪಸು ಕೊಡುತ್ತೀರಾ ಎಂದು. ಕೇಳುವವರಿಗೆ ಬೇರೆ ಕಿಟಕಿ ಇರಲಿಲ್ಲ. ಎರಡು ಗಂಟೆ ಬಿಸಿಲಿನಲ್ಲಿ ನಿಂತು ಕಿಟಕಿಯ ಹತ್ತಿರ ಬಂದಾಗ ಒಳಗಿನವರು ತಲೆಯೆತ್ತದೆ "ಪೇರು?" ಎಂದರಂತೆ. ಇವರು ನನ್ನ ಹೆಸರು ಹೇಳಿದರು. "ಎಂದ ಗ್ರೂಪು?" ಯಾವ ಗ್ರೂಪು ಎಂದು. ಬಿ.ಕಾಂ. ಎಂದರು. ಒಳಗಿನಿಂದ ಕೈ ಈಚೆ ಚಾಚಿತು. ಹಿಂದಿನವರು "ಸೀಕ್ರಂ, ಸಾರ್, ಸೀಕ್ರಂ", ಬೇಗ ಬೇಗ, ಎಂದು ಬೆನ್ನಿಗೆ ಬಿದ್ದರು. ಅಣ್ಣ ಕಟ್ಟಿಬಿಟ್ಟರು.

"ಕೇಳ್ಕೊಂಡು ಬರ್ತೀನಿ ಅಂತ ಹೋದೋನು ಕಟ್ಬಿಟ್ಟು ಬಂದ್ಯಾ!" ಪದ್ದತ್ತೆ ಹಣೆ ಚಚ್ಚಿಕೊಂಡಳು.

"ಎರಡು ಗಂಟೆ ನಿಂತಿದ್ದೀನಕ್ಕ. ಹಾಗೇ ಹೇಗೆ ಬರಕ್ಕಾಗತ್ತೆ?"

ಅಮ್ಮ ಮೆಲ್ಲಗೆ ಕೇಳಿದರು. "ಬರೀ ಕೇಳಕ್ಕೆ ಹೋದೋರು ಅಷ್ಟು ದುಡ್ಡು ಯಾಕೆ ಜೇಬಲ್ಲಿ ಇಟ್ಕೊಂಡು ಹೋಗಿದ್ರಿ?"

ಅಣ್ಣ ಕಾಲು ತೊಳೆಯಲು ಬಾವಿಕಟ್ಟೆಗೆ ಹೋದರು. ಬಹಳ ಹೊತ್ತು ತೊಳೆದರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಆತಂಕ. ಅಣ್ಣನ ದುಡ್ಡು ಹೋಯಿತು, ನನ್ನ ಮೂರು ವರ್ಷವೂ ಹೋಗುತ್ತದೆ. ಇದು ನನ್ನನ್ನು ಎಲ್ಲಿಗಾದರೂ ಮುಟ್ಟಿಸುತ್ತದೆಯೋ, ಇಲ್ಲ ನಾಳೆ ನನ್ನ ಮದುವೆಗೇ ಅಡ್ಡ ಬಂದು ನಿಲ್ಲುತ್ತದೆಯೋ? ನಾನು ನಡುಮನೆಯಲ್ಲಿ ಕೂತು ಓದುವಾಗ ಮೂವರೂ ನನ್ನನ್ನು ಒಲೆಯ ಮೇಲಿಟ್ಟ ಹಾಲಿನ ಹಾಗೆ ನೋಡುತ್ತಿದ್ದರು.

ಕಾಲೇಜಿನಲ್ಲಿ ಕಲಿತದ್ದೇನು? ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ ಎಂದು ಮೊದಲ ವರ್ಷ ಹೇಳಿದರು. ಎರಡನೆಯ ವರ್ಷ, ಹಾಗೆಲ್ಲ ಯಾವಾಗಲೂ ಅಲ್ಲ ಎಂದರು. ಎರಡು ಕಡೆಯ ಮೊತ್ತ ಕೂಡದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟು ಎಂಬ ಹೆಸರಿನಲ್ಲಿ ಬರೆದು ಸದ್ಯಕ್ಕೆ ಸರಿಮಾಡಿ ಮುಂದೆ ಹೋಗಬಹುದು ಎನ್ನುವ ಪಾಠ ನನಗೆ ಬಹಳ ಹಿಡಿಸಿತು. ಅಣ್ಣನಿಗೆ ಹೇಳಿದೆ. ಅವರು, "ಸಂಸಾರಕ್ಕೂ ಇಂಥದ್ದೊಂದು ಇದ್ದಿದ್ರೆ!" ಎಂದು ನಿಟ್ಟುಸಿರು ಬಿಟ್ಟರು. ಪದ್ದತ್ತೆಗೆ ಹಿಡಿಸಿದ್ದು ಸವಕಳಿಯ ಪಾಠ. ಯಂತ್ರ ಕೊಂಡ ದಿನದಿಂದಲೇ ವರ್ಷವರ್ಷ ಅದರ ಬೆಲೆ ಇಳಿಯುತ್ತದೆ ಎಂದು ನಾನು ಗಟ್ಟಿಯಾಗಿ ಓದುತ್ತಿದ್ದರೆ, ಅವಳು ಅಮ್ಮನ ಕಡೆ ತಿರುಗಿ, "ನೋಡಿದ್ಯಾ? ಪುಸ್ತಕದಲ್ಲೇ ಹಾಕಿದ್ದಾರೆ. ಹುಡುಗಿಗೆ ಬೇಗ ಗಂಡು ನೋಡಿ ಅಂತ" ಎನ್ನುತ್ತಿದ್ದಳು.

ಮೂರು ವರ್ಷ ಕಳೆದು ಫಸ್ಟ್ ಕ್ಲಾಸ್ ಬಂತು. ಸ್ಟುಡಿಯೋದಲ್ಲಿ ಬಾಡಿಗೆಯ ಗೌನು ತೊಡಿಸಿ, ಕೈಗೆ ಸುರುಳಿ ಕೊಟ್ಟು ಫೋಟೋ ತೆಗೆದರು. ಸುರುಳಿ ಎಂದರೆ ಹೋದ ವರ್ಷದ ಕ್ಯಾಲೆಂಡರಿನ ಹಾಳೆ. ಫೋಟೋ ಬಂದದ್ದೇ ನಡುಮನೆಯ ಗೋಡೆಗೆ ಹತ್ತಿತು. ಮಾರನೆಯ ಬೆಳಗ್ಗೆ ನೋಡಿದರೆ ಅದಕ್ಕೊಂದು ಮಲ್ಲಿಗೆ ಮಾಲೆ. ಪದ್ದತ್ತೆಯ ಕೆಲಸ.

"ಅಕ್ಕಾ! ಬದುಕಿರೋ ಹುಡುಗಿ ಫೋಟೋಗೆ ಯಾರಾದ್ರೂ ಹಾರ ಹಾಕ್ತಾರಾ?" ಎಂದು ಅಮ್ಮ ಕಿರುಚಿಕೊಂಡರು.

"ಚೆನ್ನಾಗಿದ್ದಾಳೆ ಅಂತ ಹಾಕ್ದೆ" ಎಂದು ಪದ್ದತ್ತೆ ಮಾಲೆ ತೆಗೆದು ನನ್ನ ಜಡೆಗೇ ಮುಡಿಸಿದಳು. ಓದು ಬೇಡ ಎಂದವಳೂ ಅವಳೇ, ಓದಿಗೆ ಹಾರ ಹಾಕಿದವಳೂ ಅವಳೇ. ಅವಳು ಯಾವ ಕಡೆ ಎಂದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಆಮೇಲಿನದು ಕೇಳಬೇಡಿ. ಬ್ಯಾಂಕ್ ಪರೀಕ್ಷೆ ಬರೆದೆ, ಆಗಲಿಲ್ಲ. ಮತ್ತೆ ಬರೆದೆ, ಮತ್ತೆ ಆಗಲಿಲ್ಲ. ಕೊನೆಗೆ ಟೈಪಿಂಗ್ ಕಲಿಯಲು ಹೋದೆ. ಅಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯ ಪಕ್ಕದ ಮಿಷನ್ನು ನನಗೆ. ಎರಡೂ ಮಿಷನ್ನು ಒಂದೇ ಶಬ್ದ ಮಾಡುತ್ತಿದ್ದವು. ಆ ಟೈಪಿಂಗಿನಿಂದಾಗಿ ಗಿಂಡಿಯಲ್ಲಿ ಬೋಲ್ಟು ನಟ್ಟು ಮಾಡುವ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನನ್ನ ಮೇಲಿನವಳು ಕಲ್ಯಾಣಿ, ಪಿಯುಸಿ. ನನಗಿಂತ ಒಂದು ವರ್ಷ ಚಿಕ್ಕವಳು. ನಾನು ಕಾಲೇಜಿನಲ್ಲಿ ಸವಕಳಿ ಓದುತ್ತಿದ್ದಾಗ ಅವಳು ಕೆಲಸಕ್ಕೆ ಸೇರಿ ಎರಡು ಸಲ ಸಂಬಳ ಏರಿಸಿಕೊಂಡಿದ್ದಳು.

"ಬಿ.ಕಾಂ. ಆ? ಅಡೇಂಗಪ್ಪಾ!" ಎಂದು ಕಲ್ಯಾಣಿ ಕಣ್ಣರಳಿಸಿದಳು. "ಅಪ್ಪಡೀನಾ ಇಂದ ಫೈಲೆಲ್ಲಾಂ ತೇದಿ ವಾರಿಯಾ ಅಡುಕ್ಕು." ಹಾಗಿದ್ದರೆ ಈ ಫೈಲುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸು ಎಂದು.

ಜೋಡಿಸಿದೆ. ಫಸ್ಟ್ ಕ್ಲಾಸಾಗಿಯೇ ಜೋಡಿಸಿದೆ.

ಮುಂದೆ ಎಂಬತ್ತರ ದಶಕದಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿ ನನಗೆ ಒಳ್ಳೆಯ ಕೆಲಸವೇ ಸಿಕ್ಕಿತು, ಮನೆ ನಡೆಯಿತು, ಮಗ ಓದಿದ. ಆದರೆ ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದು ಟೈಪಿಂಗ್ ಸ್ಪೀಡು. ಡಿಗ್ರಿಯ ಕಾಗದವನ್ನು ತಿರುವಿ ನೋಡಿ, ಸರಿಯಾಗಿದೆ ಎಂದು ವಾಪಸು ಕೊಟ್ಟರು. ಅದಿಲ್ಲದಿದ್ದರೆ ಒಳಗೇ ಬಿಡುತ್ತಿರಲಿಲ್ಲವೋ, ಬಿಡುತ್ತಿದ್ದರೋ? ಕೇಳಬೇಕೆಂದಿದ್ದೆ, ಕೆಲಸ ಕೊಟ್ಟವರನ್ನು ಯಾಕೆ ಕೊಟ್ಟಿರಿ ಎಂದು ಕೇಳುವುದು ಹೇಗೆ? ನಾನು ಮುಂದಕ್ಕೆ ಹಾರಿಬಿಟ್ಟೆ. ಒಂದು ಬೆರಳಿನಲ್ಲಿ ಹಿಂದಕ್ಕೆ ಹೋಗಿ ಅಳಿಸುವುದು ಕಷ್ಟ, ಇರಲಿ. ಹೇಳಬೇಕಾದದ್ದು ಅದಕ್ಕಿಂತ ಮುಂಚಿನದು, ನಾನು ಗಿಂಡಿಯಲ್ಲಿ ಫೈಲು ಜೋಡಿಸುತ್ತಿದ್ದ ಕಾಲದ್ದು.

ಗಂಡು ಬಂತು. ಅಂದರೆ, ಮಠದಲ್ಲಿ ಯಾರೋ ಹೇಳಿದರೆಂದು ಪದ್ದತ್ತೆಯೇ ಹಿಡಿದು ತಂದಳು. ರಾಯಚೂರು ಕಡೆಯಿಂದ ಬಂದು ಮದ್ರಾಸಿನಲ್ಲಿ ನೆಲೆಸಿದ ಮನೆತನ. ಹುಡುಗನ ಹೆಸರು ಗುರುರಾಜ. ಸೌಕಾರ್‌ಪೇಟೆಯ ಒಂದು ಸಗಟು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ತಂದೆಯಿಲ್ಲ, ತಾಯಿ ಮಾತ್ರ. ವರದಕ್ಷಿಣೆ ಕೇಳುವವರಲ್ಲ. ಜಾತಕ ಕೂಡಿತು. ಒಂದೇ ತೊಡಕು.

"ಹುಡುಗ ಬರೀ ಪಿಯುಸಿ ಅಂತೆ" ಎಂದಳು ಪದ್ದತ್ತೆ. "ಹುಡುಗಿ ಬಿ.ಕಾಂ. ಅಂತ ಗೊತ್ತಾದ್ರೆ ಹೊಸಲು ತುಳಿಯಲ್ಲ. ಹೆಚ್ಚು ಓದಿದ ಸೊಸೆ ತಲೆ ಮೇಲೆ ಕೂರ್ತಾಳೆ ಅಂತ ಭಯ. ನೋಡೇ ಸುಧಾ, ಕೇಳಿದ್ರೆ ಪಿಯುಸಿ ಅನ್ನು. ಸುಳ್ಳೇನಲ್ಲವಲ್ಲ, ಪಿಯುಸಿ ಮಾಡಿದ್ದೀಯಲ್ಲ? ಆಮೇಲಿಂದು ಹೇಳ್ಬೇಡ, ಅಷ್ಟೆ."

ಅಣ್ಣ ಸ್ಟೂಲು ಹಾಕಿಕೊಂಡು ಗೋಡೆಯಿಂದ ಫೋಟೋ ಇಳಿಸಿದರು. ಅದಿದ್ದ ಜಾಗದಲ್ಲಿ ಸುಣ್ಣ ಬೆಳ್ಳಗೆ ಚೌಕವಾಗಿ ಉಳಿದಿತ್ತು. ಅದರ ಮೇಲೆ ಕ್ಯಾಲೆಂಡರು ತೂಗುಹಾಕಿದರು. ಫೋಟೋವನ್ನು ಅಮ್ಮ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಆ ದಿನ ಅಣ್ಣ ನನ್ನ ಮುಖ ನೋಡಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಸಿಟ್ಟಿನ ಪಕ್ಕದಲ್ಲೇ, ಹುಡುಗ ಹೇಗಿರಬಹುದು ಎಂಬ ಕುತೂಹಲವೂ ಜಡೆ ಹೆಣೆದುಕೊಂಡು ಕೂತಿತ್ತು. ಎರಡರಲ್ಲಿ ಯಾವುದಕ್ಕೆ ಮಣೆ ಹಾಕುವುದೆಂದು ತಿಳಿಯದೆ ಕನ್ನಡಿಯ ಮುಂದೆ ಮೂರು ಸಲ ಸೀರೆ ಬದಲಾಯಿಸಿದೆ.

ಭಾನುವಾರ ಬಂದರು. ಮದ್ರಾಸಿನ ಪದ್ಧತಿಯಂತೆ ಸೊಜ್ಜಿ, ಬಜ್ಜಿ, ಕಾಫಿ. ತಾಯಿಗೆ ಮದ್ರಾಸಿನ ಗಾಳಿ ಸೋಕಿಯೇ ಇರಲಿಲ್ಲ, ರಾಯಚೂರು ನಾಲಿಗೆಯಲ್ಲಿ ಹಾಗೇ ಇತ್ತು. ನಾನು ತಟ್ಟೆ ಇಟ್ಟು ಗೋಡೆಯ ಪಕ್ಕ ನಿಂತೆ.

"ಹುಡುಗಿ ಎಷ್ಟು ಓದ್ಯಾಳ್ರಿ?"

"ಪಿಯುಸಿ" ಎಂದಳು ಪದ್ದತ್ತೆ, ನಾನು ಬಾಯಿ ತೆರೆಯುವ ಮೊದಲೇ. "ಹುಳಿ, ಗೊಜ್ಜು ಎಲ್ಲಾ ಮಾಡ್ತಾಳೆ."

"ನಮ್ಮ ಗುರು ಬಿ.ಕಾಂ. ಮಾಡ್ಯಾನ್ರಿ" ಎಂದರು ತಾಯಿ ಹೆಮ್ಮೆಯಿಂದ.

ಪದ್ದತ್ತೆಯ ಕಣ್ಣು ಅಗಲವಾಯಿತು. ಬಿ.ಕಾಂ. ಗಂಡಿಗಾಗಿ ಬಿ.ಕಾಂ. ಹುಡುಗಿಯನ್ನು ಬಚ್ಚಿಟ್ಟಿದ್ದೆವು! ಈಗ ಹೊರಗೆ ತೆಗೆಯುವುದೋ ಬಿಡುವುದೋ? ಅಷ್ಟರಲ್ಲಿ ಹುಡುಗ ಕಾಫಿ ಲೋಟ ಕೆಳಗಿಟ್ಟು ಹೇಳಿದರು. "ಅಮ್ಮಾ, ಮಾಡ್ಯಾನ ಅನಬ್ಯಾಡ. ಎರಡು ಪೇಪರ್ ನಿಂತಾವ್ರಿ ನಂದು. ಡಿಗ್ರಿ ಇನ್ನಾ ಕೈಗೆ ಬಂದಿಲ್ಲ."

ನಮ್ಮ ಲೆಕ್ಕ ಮತ್ತೆ ತಲೆಕೆಳಗಾಯಿತು. ಹುಡುಗ ಕುತ್ತಿಗೆಯವರೆಗೆ ಕೆಂಪಾಗಿದ್ದರು. ಮರ್ಯಾದೆಗಾಗಿ ಮಾತಾಡಿಸಬೇಕೆಂದು ಅಣ್ಣ, "ಪರ್ವಾಗಿಲ್ಲ, ಪರ್ವಾಗಿಲ್ಲ. ಯಾವ ಪೇಪರು?" ಎಂದರು.

"ಒಂದು ಇನ್‌ಕಮ್ ಟ್ಯಾಕ್ಸ್ರಿ. ಇನ್ನೊಂದು ಕಾಸ್ಟಿಂಗು. ಒಂದು ಸಾಮಾನು ತಯಾರ್ ಮಾಡಾಕ ಎಷ್ಟು ಖರ್ಚು ಬೀಳ್ತದ ಅಂತ ಲೆಕ್ಕ ಮಾಡೂದು. ಅದನ್ನ ನಾಕು ಸಲ ಬರದೀನಿ, ನಾಕೂ ಸಲ ಹೋತು."

"ಅಯ್ಯೋ, ಕಾಸ್ಟಿಂಗಾ! ಅದು ಸುಲಭ ಅಲ್ವಾ?" ಎಂದರು ಅಣ್ಣ. ಅವರ ಮುಖ ಬೆಳಗಿತ್ತು. "ನಮ್ಮ ಸುಧಾಗೆ ಅದ್ರಲ್ಲಿ ಎಂಬತ್ತೊಂದು ಬಂದಿತ್ತು!"

ಹೇಳಿದ ಮೇಲೆ ಅವರಿಗೆ ತಾನು ಹೇಳಿದ್ದು ಕೇಳಿಸಿತು. ಅಮ್ಮ ಬಾಗಿಲ ಸಂದಿಯಲ್ಲಿ ಕಣ್ಣು ಮುಚ್ಚಿಕೊಂಡರು. ಪದ್ದತ್ತೆಯ ಬಾಯಿ ಮಾತ್ರ ತೆರೆದೇ ಇತ್ತು. ಹೊರಗೆ ಬಾವಿಯ ರಾಟೆ ಕಿರ್ರೆನ್ನುತ್ತಿತ್ತು. ಆ ಕ್ಷಣದಲ್ಲಿ ನಾನು ತಲೆ ತಗ್ಗಿಸಿ ನಿಂತಿದ್ದರೆ ಪದ್ದತ್ತೆ ಏನಾದರೂ ಹೊಂದಿಸಿ ಹೇಳುತ್ತಿದ್ದಳು. ಯಾಕೆ ಬಾಯಿ ಬಿಟ್ಟೆನೋ ಇವತ್ತಿಗೂ ಗೊತ್ತಿಲ್ಲ.

"ಎಂಬತ್ತಮೂರು, ಅಣ್ಣ" ಎಂದೆ.

ಗುರುರಾಜನ ತಾಯಿ ನನ್ನನ್ನು, ಅಣ್ಣನನ್ನು, ಕೊನೆಗೆ ಪದ್ದತ್ತೆಯನ್ನು ನೋಡಿದರು. "ಮದ್ರಾಸಿನ್ಯಾಗ ಪಿಯುಸಿಗೇ ಕಾಸ್ಟಿಂಗ್ ಇಟ್ಟಾರೇನ್ರಿ?"

"ಮದ್ರಾಸಲ್ಲಿ ಎಲ್ಲಾ ಇಡ್ತಾರೆ" ಎಂದಳು ಪದ್ದತ್ತೆ, ರೆಪ್ಪೆ ಬಡಿಯದೆ.

"ಇಲ್ಲಮ್ಮ" ಎಂದರು ಅಣ್ಣ. ಎದ್ದು ನಿಂತು ಕೈಮುಗಿದರು. "ತಪ್ಪಾಯ್ತು. ಹುಡುಗಿ ಬಿ.ಕಾಂ. ಪಾಸಾಗಿದ್ದಾಳೆ. ನಾವು ಹೇಳಲಿಲ್ಲ."

ಅವರು ಉಳಿದ ಕಾಫಿ ಕುಡಿದರು. ಊರಿನ ಹಿರಿಯರಿಗೆ ಬರೆದು ತಿಳಿಸುತ್ತೇವೆ ಎಂದು ಎದ್ದರು. ಹಾಗೆಂದರೆ ಏನರ್ಥ ಎಂದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

"ಹೋಯ್ತು" ಎಂದಳು ಪದ್ದತ್ತೆ, ತಣ್ಣಗಾದ ಬಜ್ಜಿಯನ್ನು ನೋಡುತ್ತಾ. "ಶೀನನೋ ಪೆದ್ದ, ಬಾಯಿ ತಪ್ಪಿ ಅಂದ. ನೀನು? ಆ ಎರಡು ಮಾರ್ಕು ಬಿಟ್ಟುಕೊಟ್ಟಿದ್ರೆ ನಿನ್ನ ಗಂಟೇನೇ ಹೋಗ್ತಿತ್ತು?"

ನಾನು ಅತ್ತೆ. ಗಂಡು ಹೋಯಿತೆಂದೋ, ಫೋಟೋ ಟ್ರಂಕಿನಲ್ಲಿದೆ ಎಂದೋ, ಅಣ್ಣ ಕೈಮುಗಿದರೆಂದೋ, ವಿಂಗಡಿಸಿ ಅಳುವುದು ನನಗೆ ಬರುತ್ತಿರಲಿಲ್ಲ. ಒಟ್ಟಿಗೆ ಅತ್ತೆ. ಓದಿದ್ದೇ ತಪ್ಪಾಯಿತು ಎಂದುಕೊಂಡೆ. ಮುಖ ತೊಳೆದು ಬಂದ ಮೇಲೆ, ಇಲ್ಲ, ಎಂಬತ್ತಮೂರು ಎಂದರೆ ಎಂಬತ್ತಮೂರೇ ಎಂದುಕೊಂಡೆ.

ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ಸಾಯಂಕಾಲ ಗುರುರಾಜ ಒಬ್ಬರೇ ಬಂದರು, ಚಪ್ಪಲಿ ಬಿಡುವಾಗ ಒಂದು ಚಪ್ಪಲಿ ಮೆಟ್ಟಿಲ ಕೆಳಗೆ ಜಾರಿ ಬಿತ್ತು. ಅಣ್ಣ ಕುರ್ಚಿ ಕೊಟ್ಟರು.

"ಮನ್ಯಾಗ ಎರಡು ದಿನ ಮಾತಿಲ್ರಿ" ಎಂದರು. "ಮೂರನೇ ದಿನ ಅಮ್ಮ ಅಂದಳು, ಆ ಮಂದಿಗೆ ಸುಳ್ಳು ಹೇಳಾಕ ಬರಂಗಿಲ್ಲ, ಆ ಹುಡುಗಿ ಸೋದರತ್ತಿ ಒಬ್ಬಾಕಿನ್ನ ಬಿಟ್ಟು. ಅಂಥ ಮನಿ ಹೆಣ್ಣು ಚಲೋ ಅಂತ. ಊರಿಗೆ ಬರದು ಒಪ್ಪಿಗಿನೂ ತರ್ಸಿದಳು."

ಪದ್ದತ್ತೆ ಒಳಗಿನಿಂದ, "ನನ್ನ ಹೊಗಳಿದ್ರೋ ಬೈದ್ರೋ?" ಎಂದು ಅಮ್ಮನನ್ನು ಕೇಳುವುದು ನಡುಮನೆಗೆಲ್ಲ ಕೇಳಿಸಿತು.

ಹೀಗೆ ನಿಶ್ಚಯವಾಯಿತು. ಎಲ್ಲ ಮುಗಿಯಿತು ಎಂದು ನೀವು ಅಂದುಕೊಂಡರೆ ಮದ್ರಾಸಿನ ಲಗ್ನಪತ್ರಿಕೆಯನ್ನು ನೀವು ನೋಡಿಲ್ಲ. ಅಲ್ಲಿ ಹೆಸರು ಬರಿಯ ಹೆಸರಾಗಿ ಇರುವುದಿಲ್ಲ. ಹುಡುಗನ ಹೆಸರಿನ ಮುಂದೆ ಅವನ ಡಿಗ್ರಿ, ಹುಡುಗಿಯ ಹೆಸರಿನ ಮುಂದೆ ಅವಳದ್ದು. ಪತ್ರಿಕೆ ಕೈಗೆ ಬಂದರೆ ಜನ ಮುಹೂರ್ತ ಯಾವಾಗ ಎಂದು ನೋಡುವ ಮುಂಚೆ ಅದನ್ನು ನೋಡುತ್ತಾರೆ. ನನ್ನ ಹೆಸರಿನ ಮುಂದೆ ಬಿ.ಕಾಂ. ಹಾಕಿದರೆ, ಗಂಡಿನ ಹೆಸರಿನ ಮುಂದೆ ಬಯಲು. ಮೂವತ್ತೆರಡು ಹಲ್ಲಿನಲ್ಲಿ ಒಂದು ಬಿದ್ದ ಹಾಗೆ, ಕ್ಷಣದಲ್ಲಿ ಕಣ್ಣಿಗೆ ಬೀಳುತ್ತದೆ.

ಗುರುರಾಜನ ತಾಯಿ ಹೇಳಿ ಕಳಿಸಿದರು. "ಇಬ್ಬರಿಗೂ ಬ್ಯಾಡ್ರಿ. ಬರೇ ಹೆಸರು ಸಾಕು." ಕೇಳಲು ಎಷ್ಟು ನ್ಯಾಯವಾಗಿತ್ತು! ಅಣ್ಣ ಆಗಲಿ ಎಂದುಬಿಟ್ಟರು. ಅವರಿಗೆ ಮತ್ತೆ ಕೈಮುಗಿಯುವುದು ಬೇಕಿರಲಿಲ್ಲ.

ತಿರುಗಿಬಿದ್ದವಳು ಪದ್ದತ್ತೆ. "ಯಾಕೆ ಬೇಡ? ಹಾಕ್ಸು!"

"ನೀವೇ ಅಲ್ವಾ ಬಚ್ಚಿಡಿ ಅಂದಿದ್ದು?" ಎಂದರು ಅಮ್ಮ.

"ಗೊತ್ತಾಗೋವರ್ಗೂ ಬಚ್ಚಿಡೋದು. ಗೊತ್ತಾದ್ಮೇಲೆ ಕೂಗಿ ಹೇಳೋದು. ಅಷ್ಟೂ ತಿಳಿಯಲ್ವಾ ನಿಂಗೆ?"

ಮನೆಯಲ್ಲಿ ಎರಡು ಪಂಗಡವಾಯಿತು. ನಾನು ಯಥಾಪ್ರಕಾರ ಎರಡರಲ್ಲೂ ಇದ್ದೆ. ಹಾಕಿಸದಿದ್ದರೆ ಮೂರು ವರ್ಷ ಮತ್ತೆ ಟ್ರಂಕಿಗೆ ಹೋದ ಹಾಗೆ. ಹಾಕಿಸಿದರೆ, ತಾಳಿ ಕಟ್ಟುವವರನ್ನು ಊರ ಮುಂದೆ ನಾನೇ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದ ಹಾಗೆ.

ತಮ್ಮ ಅಂಗಡಿಯ ಪಕ್ಕದ ಪ್ರೆಸ್ಸಿನಲ್ಲಿ ಪತ್ರಿಕೆಯ ಕರಡು ತೆಗೆಸಿಕೊಂಡು ಗುರುರಾಜ ಮನೆಗೆ ಬಂದರು. ಅಣ್ಣನಿಗೆ ಕೊಡಲಿಲ್ಲ. ಅಣ್ಣನ ಎದುರಿಗೇ ನನ್ನ ಕಡೆ ಚಾಚಿದರು, ಜೊತೆಗೆ ಒಂದು ಪೆನ್ಸಿಲ್ಲು.

"ನಿಮ್ಮ ಹೆಸರಿನ ಮುಂದ ಏನ್ ಹಾಕ್ಬೇಕು, ನೀವ ಹೇಳ್ರಿ."

ನನ್ನ ಓದಿನ ವಿಷಯದಲ್ಲಿ ನನ್ನನ್ನೇ ಕೇಳಿದ ಮೊದಲನೆಯ ಮನುಷ್ಯ. ಕೇಳಿದಾಗ ಏನಾಯಿತು ಗೊತ್ತೇ? ತಲೆ ಪೂರಾ ಖಾಲಿ.

"ನಿಮಗೇನು ಅನ್ಸತ್ತೆ?" ಎಂದೆ.

"ಗೊತ್ತಿಲ್ಲ ಅಂತನ ಕೇಳಾಕತ್ತೀನ್ರಿ. ಹಾಕಿದ್ರ ನಮ್ಮ ಅಂಗಡ್ಯಾಗ ನಗ್ತಾರ. ಹಾಕದಿದ್ರ..." ಎಂದು ನಿಲ್ಲಿಸಿದರು. "ಹಾಕದಿದ್ರ, ನಾಳೆ ನಿಮ್ಮ ಮುಖ ನೋಡೂವಾಗ ನನಗ ಕಾಡ್ತದ."

"ನಕ್ಕರೆ ಬೇಜಾರಾಗಲ್ವಾ?"

"ನಾಕು ಸಲ ಫೇಲಾದಾವ ನಾನು. ನಗೂದು ರೂಢಿ ಐತಿ. ಐದನೇ ಸಲನೂ ಕಟ್ಟಾಂವ ಇದೀನಿ."

ನಾನು ಇನ್ನೂ ಯೋಚಿಸುತ್ತಲೇ ಇದ್ದೆ, ಆಣೆಯಾಗಿ. ಹೌದೋ ಅಲ್ಲವೋ ಎಂದು ತಲೆ ತೂಗಿಸುತ್ತಿರುವಾಗಲೇ ಕೈ ಪೆನ್ಸಿಲ್ಲನ್ನು ಹಿಡಿದು ನನ್ನ ಹೆಸರಿನ ಮುಂದೆ ಅದನ್ನು ಬರೆದುಬಿಟ್ಟಿತ್ತು. ಅಕ್ಷರ ಸ್ವಲ್ಪ ಸೊಟ್ಟಗಿತ್ತು. ಅಣ್ಣ ಎದ್ದು, ಬಿಸಿಲಿಲ್ಲದಿದ್ದರೂ ಕಿಟಕಿಯ ಪರದೆ ಎಳೆದರು.

ಗುರುರಾಜ ಕಾಗದವನ್ನು ದೂರ ಹಿಡಿದು ನೋಡಿದರು. "ಫಸ್ಟ್ ಕ್ಲಾಸ್ ಅಂತ ಬ್ಯಾಡಲ್ಲ?"

"ಬೇಡ."

"ಎಂಬತ್ತಮೂರು ಅಂತ?"

ಮದುವೆಗೆ ಮುಂಚೆ ಗಂಡಿನ ಎದುರು ಹಲ್ಲು ಕಾಣುವ ಹಾಗೆ ನಗಬಾರದು ಎಂದು ಪದ್ದತ್ತೆ ಹೇಳಿಕೊಟ್ಟಿದ್ದಳು. ಅದೂ ಆಗಲಿಲ್ಲ.

ಪ್ರೆಸ್ಸಿನವರು, "ಎನ್ನ ಸಾರ್, ಮಾಪಿಳ್ಳೈ ಡಿಗ್ರಿ ಮರಂದುಟ್ಟೀಂಗಳಾ?" ಗಂಡಿನ ಡಿಗ್ರಿ ಮರೆತಿರಾ ಎಂದು ಕೇಳಿದರಂತೆ. ಇವರು ಮರೆತಿಲ್ಲ ಎಂದರಂತೆ. ಅವರ ತಾಯಿ ಅಚ್ಚಾದ ಪತ್ರಿಕೆಯನ್ನು ನೋಡಿ ಆ ದಿನ ಊಟ ಮಾಡಲಿಲ್ಲವಂತೆ, ಮಾರನೆಯ ದಿನ ಬೆಳಗ್ಗೆ ತಾವೇ ನೂರು ಪತ್ರಿಕೆಗೆ ಅರಿಶಿನ ಹಚ್ಚಿದರಂತೆ. ಅವರು ಒಪ್ಪಿದರೋ ಸೋತರೋ, ನಾನು ಎಂದೂ ಕೇಳಲಿಲ್ಲ.

ನಮ್ಮ ಕಡೆಯ ಪತ್ರಿಕೆ ಹಂಚಲು ಪದ್ದತ್ತೆ ಹೊರಟಳು, ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಅವಳ ಹಿಂದೆ. ಪತ್ರಿಕೆ ಇಂಗ್ಲಿಷಿನದು, ಅವಳಿಗೆ ಇಂಗ್ಲಿಷ್ ಬಾರದು. ಕನ್ನಡ ಓದುವುದನ್ನೂ ಅವಳು ಕಲಿತದ್ದು ಹಾಡಿನ ಪುಸ್ತಕ ಹಿಡಿದು, ತಾನೇ. ಆದರೆ ಎಷ್ಟನೆಯ ಸಾಲು, ಎಷ್ಟನೆಯ ಜಾಗ ಎಂದು ಅಮ್ಮನಿಂದ ಹೇಳಿಸಿಕೊಂಡಿದ್ದಳು. ಮೊದಲನೆಯ ಮನೆ ಬಾವಿಯಾಚೆಯ ಅಲಮೇಲು ಮಾಮಿಯದು. ಪದ್ದತ್ತೆ ಪತ್ರಿಕೆಯನ್ನು ಮಾಮಿಯ ಕೈಗೆ ಕೊಟ್ಟು, ಮತ್ತೆ ಅರ್ಧ ತನ್ನ ಕಡೆಗೆ ಎಳೆದುಕೊಂಡು, ಬೆರಳಿಟ್ಟು ತೋರಿಸಿದಳು.

"ಇದು ನಮ್ಮ ಹುಡುಗಿ. ಇದು ಅವಳ ಓದು. ಇದು ಹುಡುಗ."

ಮಾಮಿ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಹಿಂದೆ ಮುಂದೆ ಓದಿದರು. "ಸೆರಿ, ಮಾಪಿಳ್ಳೈ ಎನ್ನ ಪಡಿಚ್ಚಿರುಕ್ಕಾರು?"

ಹುಡುಗ ಏನು ಓದಿದ್ದಾನೆ? ಪದ್ದತ್ತೆ ಬೆರಳನ್ನು ಆ ಖಾಲಿ ಜಾಗದ ಮೇಲೆ ಜರುಗಿಸಿ, ಅಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು ಹೇಳಿದಳು.

"ಅವನದು ಇನ್ಮೇಲೆ ಶುರು."